ಸೋಮವಾರ ಹೋದ ಬೆರಳುಗಳು

ಹೊಸದುರ್ಗಕ್ಕೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಕೈಯಲ್ಲಿ ದುಡ್ಡು ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ಹಾಲಿನ ಕ್ಯಾತಮ್ಮ ತುಂಬಿದ ತಂಬಿಗೆಯೊಂದನ್ನು ಸೆರಗಿನಿಂದ ಮುಚ್ಚಿಕೊಂಡು ನನ್ನ ಮುಂದೆಯೇ ಹಾದುಹೋದರು. ಕೂಗಿದೆ. ತಿರುಗಿ ನೋಡಿದರು, ಆದರೆ ನಿಲ್ಲಲಿಲ್ಲ.

“ಇವತ್ತು ವಾರ ಕಣಮ್ಮ. ಮಾರಂಗಿಲ್ಲ.”

“ಅರ್ಧ ಲೀಟರ್ ಸಾಕು ಮಾರಾಯ್ರೆ, ಟೀಗೆ.”

“ಅರ್ಧ ಲೋಟಾನೂ ಇಲ್ಲ. ದುಡ್ಡು ಒಳಗಿಕ್ಕಳ್ರಿ, ದೇವ್ರು ನೋಡ್ತೈತೆ.”

ಎಪ್ಪತ್ತಮೂರು ವರ್ಷದಲ್ಲಿ ದುಡ್ಡನ್ನು ಒಳಗಿಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಮಂಗಳೂರಿನಲ್ಲಿ ಬಂದ್ ಇದ್ದ ದಿನವೂ ಹಾಲಿನ ಪ್ಯಾಕೆಟ್ ಬಾಗಿಲಿಗೆ ಬಂದು ಬೀಳುತ್ತಿತ್ತು. ಅವತ್ತು ಬ್ಲ್ಯಾಕ್ ಟೀ ಕುಡಿಯುತ್ತಾ, ನಾನೇನು ತಪ್ಪು ಮಾಡಿದೆ ಎಂದು ಮನೆಯುದ್ದಕ್ಕೂ ಓಡಾಡಿದೆ. ಕೆಳಗಿನ ಮನೆಯ ನೀಲಮ್ಮ ಮೇಲೆ ಬಂದು ವಿವರಿಸಿದ ಮೇಲೆ ಗೊತ್ತಾಯಿತು: ಇಲ್ಲಿ ಬರೀ ‘ವಾರ’ ಎಂದರೆ ಆಯಾ ಮನೆದೇವರ ದಿನ. ಕ್ಯಾತಮ್ಮನ ಮನೆಯವರಿಗೆ ಸೋಮವಾರ. ಅವತ್ತು ಅವರು ಎತ್ತು ಹೂಡುವುದಿಲ್ಲ, ಹಾಲು ಮಾರುವುದಿಲ್ಲ, ಕೂಲಿಗೂ ಹೋಗುವುದಿಲ್ಲ. ಕರೆದ ಹಾಲು ದೇವರಿಗೆ, ಉಳಿದದ್ದು ಮನೆಯವರಿಗೆ.

“ನಿಮ್ಮ ಭಾನುವಾರ ಇದ್ದಂಗೆ ತಿಳ್ಕಳ್ರಿ” ಎಂದರು ನೀಲಮ್ಮ.

ಭಾನುವಾರ ನಾವು ಚರ್ಚಿಗೆ ಹೋಗಿ, ಬರುವಾಗ ಮೀನು ತರುತ್ತೇವೆ. ಹಾಗೆ ಹೇಳಲು ಹೋಗಲಿಲ್ಲ.

ಈ ಇಳಿವಯಸ್ಸಿನಲ್ಲಿ ಲಿಲ್ಲಿ ಊರು ಬಿಟ್ಟು ಆ ಒಣಭೂಮಿಗೆ ಯಾಕೆ ಹೋದಳು ಎಂದು ಮಂಗಳೂರಿನ ನಮ್ಮ ಚರ್ಚಿನವರು ನೀವು ಅನೇಕರು ಕೇಳಿದ್ದೀರಿ. ಟು ಬಿ ಫ್ರಾಂಕ್, ಉಸಿರಿಗಾಗಿ ಬಂದೆ. ಮಂಗಳೂರಿನ ಹಸಿ ಗಾಳಿಯಲ್ಲಿ ನನ್ನ ವೀಸಿಂಗ್ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿತ್ತು. ಡಾಕ್ಟರು ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು, “ಧೂಳಿನ ಜಾಗದಲ್ಲಿ ಕೆಲಸ ಮಾಡಿದ್ದೀರಾ?” ಎಂದು ಕೇಳಿದರು. “ಇಲ್ಲ, ಆಫೀಸಿನಲ್ಲಿ” ಎಂದೆ. ಆದರೂ ಅವರು ಎಕ್ಸ್‌ರೇಯ ಕೆಳಗೆ ‘ಡಸ್ಟ್’ ಎಂದು ಬರೆದರು. ಮೆಟ್ಟಿಲಿಳಿದು ಬರುವಾಗ ನೆನಪಾಯಿತು. ಹಂಚಿನ ಕಾರ್ಖಾನೆಯಲ್ಲಿ ನಮ್ಮ ಆಫೀಸು ಇದ್ದದ್ದು ಮಣ್ಣು ಪುಡಿ ಮಾಡುವ ಶೆಡ್ಡಿನ ಮೇಲೆ. ಮೂವತ್ತೊಂದು ವರ್ಷ ನನ್ನ ಟೈಪ್‌ರೈಟರಿನ ಕೀಲಿಗಳನ್ನು ದಿನಾ ಬೆಳಿಗ್ಗೆ ಬ್ರಶ್ಶಿನಿಂದ ಒರೆಸಿ ಶುರುಮಾಡುತ್ತಿದ್ದೆ. ಕೀಲಿಗಳನ್ನು ಒರೆಸಿದೆ, ಎದೆಯನ್ನು ಯಾರು ಒರೆಸಬೇಕು? ನಿವೃತ್ತಿಯಾಗಿ ಎಷ್ಟೋ ಕಾಲವಾಗಿತ್ತು, ಕಾರ್ಖಾನೆಯೇ ಮುಚ್ಚಿಹೋಗಿತ್ತು. ಕೇಳುವುದಾದರೂ ಯಾರನ್ನು? ಒಣ ಹವೆ ಇರುವ ಊರಿಗೆ ಹೋಗಿ ನೋಡಿ ಎಂದು ಡಾಕ್ಟರು ಹೇಳಿದಾಗ, ಆಫೀಸಿನಲ್ಲಿ ನನ್ನ ಜೊತೆಗಿದ್ದ ವಿಮಲಾ ತನ್ನ ತವರಾದ ಹೊಸದುರ್ಗದಲ್ಲಿ ತಂಗಿ ನೀಲಮ್ಮನ ಮನೆಯ ಮಹಡಿ ಖಾಲಿ ಇದೆ ಎಂದಳು. ಮೂರು ತಿಂಗಳಿಗೆಂದು ಬಂದೆ. ಎರಡು ವರ್ಷವಾಗಿದೆ.

ಉಸಿರು ಸುಲಭವಾಯಿತು, ಉಳಿದದ್ದೆಲ್ಲ ಕಷ್ಟವಾಯಿತು. ನಮ್ಮಲ್ಲಿ ಬಟ್ಟೆ ಒಣಗಲು ಎರಡು ದಿನ ಬೇಕು, ಇಲ್ಲಿ ಹಿಂಡಿ ಹರವಿ ತಿರುಗುವಷ್ಟರಲ್ಲಿ ಗರಿಗರಿ. ತುಟಿ ಒಡೆಯಿತು, ಹಿಮ್ಮಡಿ ಸೀಳಿತು. ಅಲ್ಲಿ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಇಲ್ಲಿ ತೆರೆದರೆ ಗುಡ್ಡದ ಸಾಲಿನ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಸುತ್ತುತ್ತಲೇ ಇರುತ್ತವೆ. ಅವನ್ನು ನೋಡುತ್ತಾ ಕೂತರೆ ನನಗೂ ಕೂತಲ್ಲಿ ಕೂರಲಾಗುವುದಿಲ್ಲ. ಮುದ್ದೆಯನ್ನು ನಾನು ಅಗಿಯುವುದನ್ನು ಕಂಡು ನೀಲಮ್ಮನಿಗೆ ನಗು ತಡೆಯಲಾಗಲಿಲ್ಲ. “ಅಗಿಬ್ಯಾಡ್ರಿ ತಾಯಿ, ನುಂಗ್ರಿ! ಅದೇನ್ ಚೂಯಿಂಗ್ ಗಮ್ಮಾ?” ನಾನು ಪ್ರತಿ ಮಾತಿಗೂ ಮಾರಾಯ್ರೆ ಎನ್ನುವುದರಿಂದ ಕಿರಾಣಿ ಅಂಗಡಿಯವನ ಬಾಯಲ್ಲಿ ನಾನು ‘ಮಾರಾಯ್ರಮ್ಮ’ ಆಗಿದ್ದೇನೆ. ಪೂಜೆ, ಪಾರಾಯಣ, ಮಠದ ಸ್ವಾಮಿಗಳ ಪ್ರವಚನ ಎಂದು ಬೀದಿಯವರೆಲ್ಲ ಹೊರಟಾಗ ನಾನೊಬ್ಬಳೇ ಉಳಿಯುತ್ತಿದ್ದೆ. ಚರ್ಚಿನ ಬಲಿಪೂಜೆಗೆ ನಾನು ಚಿತ್ರದುರ್ಗಕ್ಕೇ ಹೋಗಬೇಕು, ಬಸ್ಸಿನಲ್ಲಿ ಹೋಗಿಬರುವಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ.

ತೆಂಗಿನಕಾಯಿ ನೋಡಿ ಮೊದಲು ಖುಷಿಪಟ್ಟಿದ್ದೆ. ಹೊಸದುರ್ಗದ ಸುತ್ತ ತೆಂಗಿಗೆ ಕೊರತೆಯಿಲ್ಲ. ಆದರೆ ನಮ್ಮಂತೆ ದಿನಕ್ಕೆರಡು ಸಲ ಕಾಯಿ ಅರೆಯುವವರು ಇಲ್ಲಿಲ್ಲ. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಕೊಬ್ಬರಿ ಮಾಡುತ್ತಾರೆ. ಸುಲಿದ ಸಿಪ್ಪೆಗೆ ಇಲ್ಲಿನವರು ಮಟ್ಟೆ ಎನ್ನುತ್ತಾರೆ. ಅದು ನಾರಿನ ಮಿಲ್ಲಿಗೆ ಹೋಗುತ್ತದೆ. ಅಲ್ಲಿ ಮೊಳೆಯಂಥ ಹಲ್ಲುಗಳಿರುವ ಕಬ್ಬಿಣದ ಡ್ರಮ್ಮು ಗಿರಗಿರ ತಿರುಗುತ್ತಾ ಮಟ್ಟೆಯನ್ನು ಹರಿದು ನಾರು ಬಿಡಿಸುತ್ತದೆ. ಡ್ರಮ್ಮಿನ ಬಾಯಿಗೆ ಮಟ್ಟೆ ತುರುಕುವವರು ಹೆಂಗಸರು.

ನನ್ನ ಮೊದಲ ಸಣ್ಣ ಗೆಲುವು ಕಾಗದದಿಂದ ಬಂತು. ನೀಲಮ್ಮನ ಪೆನ್ಷನ್ ಎಲ್ಲೋ ಸಿಕ್ಕಿಬಿದ್ದಿತ್ತು. ನಾನು ಕೂತು ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಟ್ಟೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಅಕ್ಷರ ಇನ್ನೂ ವಾಲಿಲ್ಲ. ಕೆಲಸವಾಯಿತು. ಅಲ್ಲಿಂದ ಬೀದಿಯವರೆಲ್ಲ ಅರ್ಜಿ ಹಿಡಿದು ಮೆಟ್ಟಿಲು ಹತ್ತತೊಡಗಿದರು. ನನಗೂ ಬೆಳಗಿನ ಹೊತ್ತು ಕಳೆಯತೊಡಗಿತು. ಹಾಗೆ ಒಂದು ದಿನ ಕ್ಯಾತಮ್ಮ ತಮ್ಮ ಸೊಸೆ ಚಿತ್ತಮ್ಮನನ್ನು ಕರೆದುಕೊಂಡು ಬಂದರು.

ಚಿತ್ತಮ್ಮನಿಗೆ ಮೂವತ್ತೈದರ ಆಸುಪಾಸು. ಗಂಡ ಕುರಿ ಹಿಂಡಿನ ಜೊತೆ ವರ್ಷದಲ್ಲಿ ಅರ್ಧಕಾಲ ಊರೂರು ಸುತ್ತುವವನು. ಮಗಳು ಚಿತ್ರದುರ್ಗದ ಹಾಸ್ಟೆಲಿನಲ್ಲಿ ಓದುತ್ತಾಳೆ. ಚಿತ್ತಮ್ಮ ಶ್ರೀರಾಂಪುರದ ಕಡೆಯ ಒಂದು ನಾರಿನ ಮಿಲ್ಲಿನಲ್ಲಿ ನಾಲ್ಕು ವರ್ಷದಿಂದ ಕೆಲಸಕ್ಕೆ ಹೋಗುತ್ತಿದ್ದಳು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂತಳು. ತೋರಿಸು ಎಂದಾಗ ತೆಗೆದಳು. ಹೆಬ್ಬೆರಳು, ಕಿರುಬೆರಳು ಇದ್ದವು. ನಡುವಿನ ಮೂರು ಇರಲಿಲ್ಲ.

ಮಿಲ್ಲಿನವರು ಆಸ್ಪತ್ರೆಯ ಖರ್ಚು ಕೊಟ್ಟು ಕೈ ತೊಳೆದುಕೊಂಡಿದ್ದರು. ಕೆಲಸದ ಮೇಲಿದ್ದಾಗ ಗಾಯವಾದರೆ ಮಾಲೀಕರು ಪರಿಹಾರ ಕೊಡಲೇಬೇಕು, ಅದಕ್ಕೆ ಕಾಯ್ದೆ ಇದೆ ಎಂದು ನಾನು ಹೇಳಿದೆ. ಗೊತ್ತಿಲ್ಲದೆ ಇರುತ್ತದೆಯೇ? ಮೂವತ್ತೊಂದು ವರ್ಷ ಕಾರ್ಖಾನೆಯ ಆಕ್ಸಿಡೆಂಟ್ ರಿಜಿಸ್ಟರ್ ನನ್ನ ಮೇಜಿನ ಮೇಲೇ ಇತ್ತು. ಆದರೆ ಆಗ ನಾನಿದ್ದದ್ದು ಮೇಜಿನ ಆಚೆ ಬದಿಗೆ, ಮಾಲೀಕರ ಕಡೆಗೆ. ಮ್ಯಾನೇಜರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಪ್ರತಿ ವರದಿಯ ಕೊನೆಗೂ “ಡ್ಯೂ ಟು ಹಿಸ್ ಓನ್ ನೆಗ್ಲಿಜೆನ್ಸ್” ಬರುತ್ತಿತ್ತು, ಅಂದರೆ ಪೆಟ್ಟು ತಿಂದವನದೇ ಅಜಾಗರೂಕತೆ. ಎಷ್ಟು ಸಲ ಬಂದಿತ್ತೆಂದರೆ ಆ ಇಡೀ ಮಾತಿಗೆ ಶಾರ್ಟ್‌ಹ್ಯಾಂಡಿನಲ್ಲಿ ನಾನೇ ಒಂದು ಪುಟ್ಟ ಗೆರೆ ಮಾಡಿಕೊಂಡಿದ್ದೆ.

ಈಗ ಪೆನ್ನು ಕೈಗೆ ತೆಗೆದುಕೊಂಡೆ. ತುಂಬ ಹುರುಪಿತ್ತು.

“ಯಾವತ್ತು ಆಯ್ತು ಚಿತ್ತಮ್ಮ?”

ಅವಳು ಅತ್ತೆಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. “ಮಂಗ್ಳಾರ.”

“ಎಷ್ಟು ಹೊತ್ತಿಗೆ?”

“ಹೊತ್ತೇರಿತ್ತು.”

ಅಷ್ಟೇ. ಮಂಗಳವಾರ ಬೆಳಿಗ್ಗೆ ಸುಮಾರು ಹತ್ತೂವರೆಗೆ, ಕರ್ತವ್ಯದ ಮೇಲಿದ್ದಾಗ, ಎಂದು ಬರೆದೆ. ಹತ್ತೂವರೆ ನನ್ನ ಸ್ವಂತದ್ದು. ವರದಿಯೆಂದರೆ ಒಂದು ಗಂಟೆ ಇರಲೇಬೇಕು ಎಂಬ ಹಳೇ ಅಭ್ಯಾಸ. ಆಸ್ಪತ್ರೆಯ ಚೀಟಿಯ ಜೆರಾಕ್ಸನ್ನು ಹಿಂದೆ ಪಿನ್ ಮಾಡಿದೆ, ಓದಲಿಲ್ಲ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮಿಲ್ಲಿನ ಮಾಲೀಕರಿಗೆ ಕಳಿಸಿ ಬಂದು, ನೀಲಮ್ಮನ ಜೊತೆ ಕೂತು ಮುದ್ದೆಯನ್ನು ಸರಿಯಾಗಿ ನುಂಗಿದೆ.

ಉತ್ತರ ಮಿಲ್ಲಿನ ಲಾಯರಿಂದ ಬಂತು. ಅದನ್ನು ಹಿಡಿದುಕೊಂಡು ನಾವು ಹೊಸದುರ್ಗದ ಲಾಯರು ತಿಪ್ಪೇಸ್ವಾಮಿಯವರ ಹತ್ತಿರ ಹೋದೆವು. ನಲವತ್ತರ ಮನುಷ್ಯ, ಕ್ಯಾತಮ್ಮನಂಥ ಕುರಿ-ದನ ಸಾಕುವವರ ಹಟ್ಟಿಗಳ ಕೇಸುಗಳನ್ನು ಬಲ್ಲವರು. ಓದಿ ಕನ್ನಡಕ ಹಣೆಗೇರಿಸಿದರು.

“ಅಮ್ಮ, ಈ ನೋಟಿಸ್ ಯಾರ್ ಬರೆದಿದ್ದು?”

“ನಾನೇ.”

“ಇಂಗ್ಲಿಷ್ ಚಲೋ ಐತ್ರಿ. ನಮ್ ಕೋರ್ಟಲ್ಲಿ ಇಂಥ ಇಂಗ್ಲಿಷ್ ನಾನ್ ನೋಡಿಲ್ಲ. ಆದ್ರೆ ನೀವ್ ಹಾಕಿರೋ ಆಸ್ಪತ್ರೆ ಚೀಟೀನ ನೀವೇ ಓದಿಲ್ಲ.”

ಚೀಟಿಯನ್ನು ನನ್ನ ಮುಂದೆ ತಿರುಗಿಸಿ ಬೆರಳಿಟ್ಟರು. ಚಿತ್ತಮ್ಮ ಚಿತ್ರದುರ್ಗದ ಆಸ್ಪತ್ರೆಯಲ್ಲಿ ದಾಖಲಾದದ್ದು ಮಂಗಳವಾರ ಬೆಳಿಗ್ಗೆ ಏಳೂ ಮುಕ್ಕಾಲಕ್ಕೆ. ನನ್ನ ಕಾಗದದ ಪ್ರಕಾರ ಅವಳ ಕೈ ಮಿಷಿನ್ನಿಗೆ ಸಿಕ್ಕಿದ್ದು ಅದೇ ದಿನ ಹತ್ತೂವರೆಗೆ. ಬೆರಳು ಹೋಗುವ ಮೊದಲೇ ಆಪರೇಷನ್ ಟೇಬಲ್ ಮೇಲೆ ಮಲಗಿದ್ದಳು! ಮಿಲ್ಲಿನವರ ಉತ್ತರ ಸರಳವಾಗಿತ್ತು: ಮಂಗಳವಾರ ಮಿಲ್ಲು ಶುರುವಾಗುವುದು ಒಂಬತ್ತಕ್ಕೆ. ಹಾಜರಿ ಪುಸ್ತಕದಲ್ಲಿ ಅವತ್ತು ಚಿತ್ತಮ್ಮ ಗೈರುಹಾಜರು. ಗಾಯ ಬೇರೆಲ್ಲೋ ಆದದ್ದು. ಮಾನವೀಯತೆಯಿಂದ ಆಸ್ಪತ್ರೆ ಖರ್ಚು ಕೊಟ್ಟಿದ್ದೇವೆ, ಅಷ್ಟೇ.

ಮೂವತ್ತೊಂದು ವರ್ಷ ಬೇರೆಯವರ ವರದಿಗಳಲ್ಲಿ ಒಂದು ಕಾಮಾ ತಪ್ಪಿದರೂ ಪುಟವನ್ನೇ ಹರಿದು ಹೊಸದಾಗಿ ಟೈಪ್ ಮಾಡುತ್ತಿದ್ದವಳು ನಾನು. ಆ ಬಡ ಹೆಂಗಸಿನ ಪರವಾಗಿ ಬರೆದ ಒಂದೇ ಒಂದು ಪುಟವನ್ನು ಹೀಗೆ ಕೆಡಿಸಿಬಿಟ್ಟೆ.

“ನಿಜ ಗೊತ್ತಾಗ್ದೆ ನಾನ್ ಕೇಸ್ ಹಾಕಲ್ಲ” ಎಂದರು ತಿಪ್ಪೇಸ್ವಾಮಿ. “ಆಯಮ್ಮ ಏನೋ ಮುಚ್ಚಿಕ್ಕವಳೆ. ನನ್ ಹತ್ರ ಬಾಯ್ ಬಿಡಲ್ಲ. ನೀವ್ ಕೇಳ್ರಿ.”

ಮರುದಿನ ಚಿತ್ತಮ್ಮ ಒಬ್ಬಳೇ ಬಂದಳು. ಮಹಡಿಯ ಜಗಲಿಯಲ್ಲಿ ಕೂರಿಸಿ, ನಾನು ಕಾಗದ ಪೆನ್ನು ಎರಡನ್ನೂ ಒಳಗಿಟ್ಟು ಬಂದೆ.

“ಮಂಗಳವಾರ ಅಲ್ಲ ಅಲ್ವಾ?”

ಬಲಗೈಯ ಮೇಲಿನ ಸೆರಗು ಸರಿಮಾಡಿಕೊಂಡಳು. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟಳು. ಸೋಮವಾರ ಮಿಲ್ಲಿಗೆ ರಜೆ. ಆದರೆ ಡ್ರಮ್ಮಿನ ಹಲ್ಲಿಗೆ ಸುತ್ತಿಕೊಂಡ ನಾರನ್ನು ಬಿಡಿಸಿ ಸ್ವಚ್ಛ ಮಾಡಲು ಮೂರು ನಾಲ್ಕು ಹೆಂಗಸರನ್ನು ಕರೆಸುತ್ತಾರೆ. ಕೂಲಿ ಹೆಚ್ಚು, ಹಾಜರಿ ಬರೆಯುವುದಿಲ್ಲ. ಫೀಸು ಕಟ್ಟಿಲ್ಲವೆಂದು ಮಗಳ ಹಾಸ್ಟೆಲಿನಿಂದ ಫೋನು ಬಂದಿತ್ತು. ಮಿಲ್ಲಿನ ಗುಮಾಸ್ತನಿಗೆ ಅಲ್ಲಿ ರೈಟರು ಎನ್ನುತ್ತಾರೆ, ಅವನ ಫೋನೂ ಬಂತು. ವಾರದ ದಿನ ಕೆಲಸಕ್ಕೆ ಹೋಗುತ್ತೇನೆಂದರೆ ಅತ್ತೆ ಬಿಡುವವರಲ್ಲ. ಹಾಲುರಾಮೇಶ್ವರಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಹೊರಟಳು. ಹಾಲುರಾಮೇಶ್ವರ ಇಲ್ಲಿನ ದೊಡ್ಡ ಶಿವಕ್ಷೇತ್ರ. ಅಲ್ಲಿನ ಕೊಳದ ಮುಂದೆ ಭಕ್ತಿಯಿಂದ ಬೇಡಿಕೊಂಡರೆ ಗಂಗೆಯ ಪ್ರಸಾದ ತೇಲಿ ಬರುತ್ತದೆ ಎಂದು ಜನ ನಂಬುತ್ತಾರೆ. ಸೋಮವಾರ ಅಲ್ಲಿಗೆ ಹೋಗುವ ಸೊಸೆಯನ್ನು ಯಾವ ಅತ್ತೆ ತಡೆದಾರು?

ಸಾಯಂಕಾಲ ಕೆಲಸ ಮುಗಿಯುವ ಹೊತ್ತಿಗೆ ಇನ್ನೂ ಒಳಗೆ ಕೈಯಿದ್ದಾಗಲೇ ಯಾರೋ ಮಿಷಿನ್ ಚಾಲೂ ಮಾಡಿದರು, ಮೂರು ಬೆರಳು ಹಲ್ಲಿಗೆ ಸಿಕ್ಕಿ ಹೋದವು. ಶ್ರೀರಾಂಪುರದಲ್ಲಿ ಒಬ್ಬ ಡಾಕ್ಟರಿಂದ ಕಟ್ಟು ಹಾಕಿಸಿದರು. ಕಟ್ಟು ಹಾಕಿದ ಕೈಯಲ್ಲಿ ಹಟ್ಟಿಗೆ ಹೋಗಲು ಹೆದರಿ ಚಿತ್ತಮ್ಮ ಜೊತೆಗಾರ್ತಿಯ ಮನೆಯಲ್ಲಿ ಉಳಿದಳು. ದೇವಸ್ಥಾನದಲ್ಲೇ ತಂಗುತ್ತೇನೆ ಎಂದು ಅತ್ತೆಗೆ ಹೇಳಿಕಳಿಸಿದಳು. ಬೆಳಗಾಗುವಷ್ಟರಲ್ಲಿ ಕೈ ಊದಿ ಕಪ್ಪಾಗಿತ್ತು. ಮಿಲ್ಲಿನ ಜೀಪು ಚಿತ್ರದುರ್ಗಕ್ಕೆ ಕರೆದೊಯ್ದಿತು. ದೇವಸ್ಥಾನದಿಂದ ನೇರ ಕೆಲಸಕ್ಕೆ ಹೋಗಿದ್ದೆ, ಮಂಗಳವಾರ ಪೆಟ್ಟಾಯಿತು ಎಂಬುದು ಅಂದಿನಿಂದ ಅವಳು ಎಲ್ಲರಿಗೂ ಹೇಳಿಕೊಂಡು ಬಂದ ಕತೆ.

“ಇದನ್ನೇ ಕೋರ್ಟಿನಲ್ಲಿ ಹೇಳು. ಸೋಮವಾರ ಅಂತ ಹೇಳು. ಪರಿಹಾರ ಸಿಗುತ್ತದೆ.”

“ಸಿಗಬಾರ್ದು ಅಮ್ಮಾರೆ.”

ನನಗೆ ಅರ್ಥವಾಗಲಿಲ್ಲ.

“ವಾರ ಮುರ್ದೆ. ದೇವ್ರ ಹೆಸ್ರು ಹೇಳಿ ಸುಳ್ಳಾಡ್ದೆ. ದೇವ್ರು ಬೆಳ್ಳು ತಗಂತು. ದೇವ್ರು ತಗಂಡಿದ್ದಕ್ಕೆ ಓನರ್ ಯಾಕ್ ಕೊಡ್ಬೇಕು? ಹಂಗ್ ಇಸ್ಕಂಡ್ರೆ ಈ ಕೈನೂ ಹೋಗ್ತೈತೆ.” ಎಡಗೈಯನ್ನು ಮಡಿಲಲ್ಲಿ ಮುಚ್ಚಿಕೊಂಡಳು.

“ಹಾಗಾದರೆ ನನ್ನ ಹತ್ತಿರ ಯಾಕೆ ಬಂದೆ?”

“ಅತ್ತೆ ಕರ್ಕಂಡ್ ಬಂದ್ರಲ್ಲ. ಬ್ಯಾಡ ಅನ್ನಾಕೆ ಏನಂತ ಹೇಳ್ಲಿ?”

ಬೇರೆ ಯಾರಾದರೂ ಆಗಿದ್ದರೆ ಅವಳಿಗೆ ಮೂಢನಂಬಿಕೆಯ ಬಗ್ಗೆ ಎರಡು ಮಾತು ಹೇಳುತ್ತಿದ್ದರೇನೋ. ಭಾನುವಾರ ದುಡಿಯುವುದು ಪಾಪ ಎಂದು ಕಲಿತವಳು ನಾನು. ಆರನೇ ಕ್ಲಾಸಿನಲ್ಲಿ ಭಾನುವಾರ ಫ್ರಾಕಿಗೆ ಲೇಸು ಹೊಲಿಯುತ್ತಿದ್ದಾಗ ಸೂಜಿ ಬೆರಳಿಗೆ ಹೊಕ್ಕಿತ್ತು. ಸಿಸ್ಟರ್ ಬೆರಳಿಗೆ ಬಟ್ಟೆ ಸುತ್ತುತ್ತಾ, “ನೌ ಯೂ ನೋ ವೈ” ಎಂದಿದ್ದರು. ಯಾಕೆಂದು ನನಗೆ ಪೂರ್ತಿ ಗೊತ್ತಾಗಿತ್ತು. ಮುಂದೆ ಕಾರ್ಖಾನೆಯಲ್ಲಿ ಒಬ್ಬ ಭಾನುವಾರ ಹಂಚು ಸುಡುವ ಗೂಡು ಸ್ವಚ್ಛ ಮಾಡುವಾಗ ಬಿದ್ದು ಕಾಲು ಕಳಕೊಂಡ. ವರದಿಯ ಕೊನೆಗೆ ಆ ಪುಟ್ಟ ಗೆರೆ ಎಳೆಯುವಾಗ ನನಗೆ ಬೇರೇನೂ ಅನಿಸಿರಲಿಲ್ಲ. ಭಾನುವಾರ ಬರಬಾರದಿತ್ತು ಎಂದಷ್ಟೇ ಅನಿಸಿತ್ತು. ಹೀಗಿದ್ದ ನಾನು ಚಿತ್ತಮ್ಮನಿಗೆ ಏನು ಹೇಳಲಿ?

ಅವಳು ಹೋದ ಮೇಲೆ ಸೂಟ್‌ಕೇಸ್ ಕೆಳಗಿಳಿಸಿ ಬಟ್ಟೆ ತುಂಬಿದೆ. ಗ್ಲೆನ್, ನನ್ನ ಅಣ್ಣನ ಮಗ, ಫ್ಲಾಟಿನಲ್ಲಿ ನನಗೊಂದು ಕೋಣೆ ಇಟ್ಟಿದ್ದಾನೆ, ಫೋನ್ ಮಾಡಿದಾಗೆಲ್ಲ “ಕಮ್ ಹೋಮ್, ಆಂಟಿ” ಎನ್ನುತ್ತಾನೆ. ಬೇರೆಯವರ ಊರಲ್ಲಿ ಬೇರೆಯವರ ದೇವರ ನಡುವೆ ಕೈ ಹಾಕಲು ನಾನು ಯಾರು? ಎರಡು ಸೀರೆ ಮಡಚುವಷ್ಟರಲ್ಲಿ ನೀಲಮ್ಮ ಬಂದು ಹಾಸಿಗೆಯ ಮೇಲೆ ಕೂತರು.

“ಊರಿಗಾ?”

“ಊರಿಗೆ.”

“ಹೋಗ್ರಿ. ಆದ್ರೆ ಆ ತಪ್ಪು ಕಾಗದ ನಿಮ್ದು. ಅದನ್ನ ಯಾರ್ ಮಡಚ್ತಾರೆ?” ಮಡಚಿದ ಸೀರೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು, “ತಪ್ಪು ಕಾಣಿಕೆ ಅಂತ ಒಂದೈತೆ ನಮ್ ಕಡೆ. ದೇವ್ರ ಮುಂದೆ ತಪ್ಪಾತು ಅಂತ ಒಪ್ಪಿ, ಕಾಣಿಕೆ ಕಟ್ಟಿ, ಕೈ ಮುಗುದ್ರೆ ಅಲ್ಲಿಗೆ ಆತು. ಆದ್ರೆ ಮನೇ ಹಿರೇರ್ ಮುಂದೆ ಬಾಯಿಬಿಟ್ಟು ಹೇಳ್ಬೇಕು. ಅದಕ್ಕೇ ಆ ಹುಡ್ಗಿ ಹೆದ್ರಿರೋದು. ದೇವ್ರಿಗಲ್ಲ, ಕ್ಯಾತಮ್ಮಂಗೆ.”

ಮರುದಿನ ಚಿತ್ತಮ್ಮನನ್ನು ಒಪ್ಪಿಸಿದವರು ನೀಲಮ್ಮನೇ, ನಾನಲ್ಲ. ಮೂವರೂ ಹಟ್ಟಿಗೆ ಹೋದೆವು. ಗುಡಿಯ ಮುಂದೆ ಹಾಯುವಾಗ ನೀಲಮ್ಮನನ್ನು ನೋಡಿ ನಾನೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ. ಕಾದ ನೆಲ, ಕಾಲಿಗೆ ಮುಳ್ಳು. ಕ್ಯಾತಮ್ಮ ಮನೆಯ ಮುಂದೆ ಮೊರದಲ್ಲಿ ಹುರುಳಿ ಕೇರುತ್ತಿದ್ದರು.

“ಏನ್ರಮ್ಮ, ಮೂರು ಜನ? ಕುಂತ್ಕಳ್ರಿ. ಕೋರ್ಟ್ ಇಲ್ಲಿಗೇ ಬಂದಂಗೈತೆ.”

ನೀಲಮ್ಮ ಮಳೆ ಬೆಳೆ ಎಂದು ಸುತ್ತು ಹಾಕಿ ಮಾತು ತೆಗೆಯಲು ನೋಡಿದರು. ಅಷ್ಟರಲ್ಲಿ ಚಿತ್ತಮ್ಮ ನಿಂತಲ್ಲಿಂದಲೇ ಹೇಳಿದಳು: “ಅತ್ತೆ, ಅವತ್ತು ನಾನು ಹಾಲುರಾಮೇಶ್ವರಕ್ಕೆ ಹೋಗಿರ್ಲಿಲ್ಲ. ಮಿಲ್ಲಿಗೆ ಹೋಗಿದ್ದೆ. ಬೆಳ್ಳು ಹೋಗಿದ್ದು ಸೋಮಾರ.”

ಮೊರ ನಿಲ್ಲಲಿಲ್ಲ. ಹುರುಳಿ ಮೇಲೇರಿ ಬೀಳುತ್ತಲೇ ಇತ್ತು. ನಾನು ಇನ್‌ಹೇಲರಿಗಾಗಿ ಬ್ಯಾಗು ತಡಕಿದೆ.

“ನಂಗೆ ಕುಂಕುಮ ತಂದ್ಕೊಟ್ಯಲ್ಲೇ” ಎಂದರು ಕ್ಯಾತಮ್ಮ. “ಅದೆಲ್ಲೀದು?”

“ಆಸ್ಪತ್ರೆಯಿಂದ ಬರಾಗ ಚಿತ್ರದುರ್ಗದ ಅಂಗ್ಡೀಲಿ ತಗಂಡಿದ್ದು.”

“ಆರು ತಿಂಗ್ಳಿಂದ ಅಂಗ್ಡಿ ಕುಂಕುಮಕ್ಕೆ ಕೈ ಮುಗಿತಾ ಇದೀನಾ ನಾನು!”

ನೀಲಮ್ಮನಿಗೆ ನಗು ಉಕ್ಕಿ ಬಂದು ಸೆರಗು ಬಾಯಿಗಿಟ್ಟುಕೊಂಡರು. ಕ್ಯಾತಮ್ಮ ನಗಲಿಲ್ಲ. ಮೊರ ಕೆಳಗಿಟ್ಟರು.

“ಯಾರೇ ನಿನ್ನ ಕರ್ದೋರು?”

“ರೈಟ್ರು ಫೋನ್ ಮಾಡಿದ್ರು.”

“ಸೋಮಾರ ನಮ್ಗೆ ವಾರ ಅಂತ ಅವ್ರಿಗೆ ಗೊತ್ತಿತ್ತೋ ಇಲ್ವೋ?”

“ಗೊತ್ತು. ಅದಕ್ಕೇ ಯಾರಿಗೂ ಹೇಳ್ಬ್ಯಾಡ ಅಂದಿದ್ರು.”

“ಮಿಷಿನ್ ಸುರು ಮಾಡಿದ್ಯಾರು?”

“ಅವ್ರ ಕಡೇರೆ.”

ಕ್ಯಾತಮ್ಮ ನನ್ನ ಕಡೆ ತಿರುಗಿದರು. “ನೀವ್ ಓದಿರೋರು, ನೀವ್ ಹೇಳ್ರಿ. ನಮ್ಮೆತ್ತು ಯಾರೋ ಇಸ್ಕಂಡು ಹೋದ್ರು. ಸೋಮಾರ ಕದ್ದು ಹೂಡಿದ್ರು. ಎತ್ತಿನ್ ಕಾಲು ಮುರೀತು. ನಮ್ ಹಟ್ಟೀಲಿ ಕುಂತು ನ್ಯಾಯ ಮಾಡಿದ್ರೆ ದಂಡ ಯಾರ್ ಕಟ್ಬೇಕು? ಎತ್ತು ಕಟ್ತೈತಾ?”

“ಹೂಡಿದವರು” ಎಂದೆ.

“ಮತ್ತೆ? ವಾರ ಮುರ್ದಿದ್ದು ಇವ್ಳಲ್ಲ, ಹೂಡಿದೋರು. ಬೆಳ್ಳಿನ ಲೆಕ್ಕ ಅವ್ರದು, ಅವ್ರ್ ಕಟ್ಲಿ.” ಆಮೇಲೆ ಸೊಸೆಯ ಮುಖ ನೋಡದೆ ದನಿ ಇಳಿಸಿದರು. “ದೇವ್ರ ಹೆಸ್ರು ಹೇಳಿ ನಂಗೆ ಸುಳ್ಳಾಡಿದ್ದು ಮಾತ್ರ ಎತ್ತಲ್ಲ ಕಣೇ, ನೀನು. ಅದಕ್ಕೆ ತಪ್ಪು ಕಾಣಿಕೆ ಕಟ್ಟು. ಅಲ್ಲೀಗಂಟ ನನ್ ಮಾತಾಡಿಸ್ಬ್ಯಾಡ.”

ಅಪಘಾತ ಪರಿಹಾರದ ಕಾಯ್ದೆಯನ್ನು ನಾನು ಇಂಗ್ಲಿಷಿನಲ್ಲಿ ಎಷ್ಟೋ ಸಲ ಟೈಪ್ ಮಾಡಿದ್ದೇನೆ. ಯಾರದು ತಪ್ಪು ಎಂದು ಕೇಳುವ ಮೊದಲು ಯಾರು ಕೆಲಸಕ್ಕೆ ಹಚ್ಚಿದ್ದು ಎಂದು ಕೇಳಬೇಕೆಂಬುದು ಅದರ ತಿರುಳು. ಮೂವತ್ತೊಂದು ವರ್ಷದಲ್ಲಿ ನನ್ನ ತಲೆಗೆ ಅದು ಇಳಿದಿರಲಿಲ್ಲ. ಹುರುಳಿ ಕೇರುವ ಹೆಂಗಸು ಎರಡು ನಿಮಿಷದಲ್ಲಿ ಇಳಿಸಿಬಿಟ್ಟರು.

ಹೊರಡುವಾಗ ನನಗೂ ಒಂದು ಏಟು ಬಿತ್ತು. “ನೀವೂನೂ ಅಮ್ಮಾರೆ, ಬರೆಯೋ ಮುಂಚೆ ನನ್ನ ಒಂದ್ ಮಾತು ಕೇಳಿದ್ರೆ ಏನ್ ಹೋಗ್ತಿತ್ತು? ಪಕ್ದಾಗೇ ಕುಂತಿದ್ದೆ. ದೇವಸ್ಥಾನದಿಂದ ಬಂದೋಳು ಒಂದ್ ಬಾಳೆಹಣ್ಣೂ ತರ್ಲಿಲ್ಲ ಅಂತ ಅವತ್ತೇ ಹೇಳ್ತಿದ್ದೆ.”

ಚಿತ್ತಮ್ಮ ಕಾಣಿಕೆ ಕಟ್ಟಿದಳು. ಅದು ಅವರ ಮನೆಯ ವಿಷಯ, ನಾನು ಹೋಗಲಿಲ್ಲ. ಮಾರನೆಯ ದಿನ ಶ್ರೀರಾಂಪುರದ ಡಾಕ್ಟರ ಚೀಟಿಯನ್ನು ತಂದುಕೊಟ್ಟಳು. ಇಂಜೆಕ್ಷನ್ನಿನ ಹೆಸರು, ಮೇಲೆ ಸೋಮವಾರದ ತಾರೀಖು. ಆ ತಾರೀಖಿಗೆ ಹೆದರಿ ಇಷ್ಟು ದಿನ ಮಗಳ ಹಳೆಯ ಪುಸ್ತಕದೊಳಗೆ ಬಚ್ಚಿಟ್ಟಿದ್ದಳು. ತಿಪ್ಪೇಸ್ವಾಮಿ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. “ಇದು ಸಾಕಮ್ಮ, ಹಾಕ್ತೀನಿ. ಆದ್ರೆ ಮಿಲ್ಲಿನೋರು ನಿಮ್ಮ ಮೊದ್ಲಿನ್ ಕಾಗ್ದ ಬಿಡಲ್ಲ. ಇವ್ಳು ಆಗ ಮಂಗ್ಳಾರ ಅಂದ್ಲು, ಈಗ ಸೋಮಾರ ಅಂತಾಳೆ, ಸುಳ್ಳಿ ಅಂತಾರೆ. ಹತ್ತೂವರೆ ಎಲ್ಲಿಂದ ಬಂತು ಅಂತ ಹೇಳಾಕೆ ನೀವು ಬಂದು ಸಾಕ್ಷಿ ಹೇಳ್ಬೇಕು. ಊರಿಗೆ ಹೋಗಿಬಿಟ್ರೆ ಕೇಸ್ ಹೋತು.”

ಗ್ಲೆನ್‌ಗೆ ಫೋನ್ ಮಾಡಿ ಮಳೆಗಾಲ ಮುಗಿಯಲಿ ಎಂದೆ. ಮಳೆಗಾಲ ಮುಗಿಯಿತು, ಕ್ರಿಸ್ಮಸ್ ಬಂತು. ನೀಲಮ್ಮನಿಗೆ ನಮ್ಮ ಹಬ್ಬದ ಕರಿದ ಸಿಹಿ ಕಲ್‌ಕಲ್ ಮಾಡಿಕೊಟ್ಟೆ, ಅವರು ಅದನ್ನು ಶಂಕರಪೋಳಿ ಎಂದೇ ತಿಂದರು. ಲೆಂಟಿನ ಉಪವಾಸದ ಕಾಲ ಬಂತು. ತಾರೀಖಿನ ಮೇಲೆ ತಾರೀಖು ಬೀಳುತ್ತಿತ್ತು, ಪ್ರತಿ ತಾರೀಖಿಗೂ ಸೂಟ್‌ಕೇಸ್ ಅರ್ಧ ತುಂಬಿ ಅರ್ಧ ಖಾಲಿ ಮಾಡುತ್ತಿದ್ದೆ. ಹಟ್ಟಿಯಲ್ಲಿ ಕ್ಯಾತಮ್ಮ ಸೊಸೆಯ ಜೊತೆ ಮತ್ತೆ ಮಾತಾಡತೊಡಗಿದ್ದರು, ಆದರೆ ಚುಟುಕು. ಚಿತ್ತಮ್ಮ ಎಡಗೈಯಲ್ಲಿ ಹಾಲು ಕರೆಯುವುದನ್ನು ಕಲಿಯುತ್ತಿದ್ದಳು.

ಕೊನೆಗೂ ಸಾಕ್ಷಿಯ ದಿನ ಬಂತು. ಮೊದಲು ಚಿತ್ತಮ್ಮ. ಕಟಕಟೆಯಲ್ಲಿ ನಿಂತು ಬಲಗೈಯನ್ನು ಸೆರಗಿನ ಹೊರಗೆ ಇಟ್ಟಿದ್ದಳು. ಅದನ್ನು ಹಾಗೆ ಜನರ ಮುಂದೆ ಇಟ್ಟದ್ದು ನಾನು ಕಂಡಂತೆ ಅದೇ ಮೊದಲು. ಯಾವ ದಿನ ಎಂದು ಕೇಳಿದಾಗ “ಸೋಮಾರ” ಎಂದಳು. ಜಡ್ಜಿಗೆ ಕೇಳಿಸಲಿಲ್ಲ. ಹಿಂದಿನ ಬೆಂಚಿನಿಂದ ಕ್ಯಾತಮ್ಮ, “ಗಟ್ಯಾಗಿ ಹೇಳೇ, ಕದ್ದು ಹೂಡಿದ್ದು ನೀನಾ, ಅವ್ರಾ?” ಎಂದು ಕೂಗಿ ಪೊಲೀಸಿನವನಿಂದ ಗದರಿಸಿಕೊಂಡರು. ಚಿತ್ತಮ್ಮ ಗಟ್ಟಿಯಾಗಿ ಹೇಳಿದಳು.

ಆಮೇಲೆ ನಾನು. ಪ್ರಮಾಣ ಮಾಡಿಸಿ ಹೆಸರು, ವಯಸ್ಸು ಕೇಳಿದರು. “ವಾಸ?”

“ಮಂಗಳೂರು” ಎಂದುಬಿಟ್ಟೆ.

ತಿಪ್ಪೇಸ್ವಾಮಿ ಕೆಮ್ಮಿದರು. ನನಗೆ ಸಮನ್ಸ್ ಬಂದದ್ದು ಹೊಸದುರ್ಗದ ವಿಳಾಸಕ್ಕೆ. “ಸಾರಿ, ಹೊಸದುರ್ಗ” ಎಂದು ತಿದ್ದಿದೆ. ಮಿಲ್ಲಿನ ಕಡೆಯ ಲಾಯರಿಗೆ ಅಷ್ಟೇ ಬೇಕಿತ್ತು. ಚಿಕ್ಕ ವಯಸ್ಸಿನವರು, ನಯವಾದ ಮಾತು.

“ಅಮ್ಮ, ಮೊದಲನೇ ಪತ್ರದಲ್ಲಿ ಮಂಗಳವಾರ ಹತ್ತೂವರೆ ಅಂತ ಬರೆದವರು ನೀವೇ?”

“ಹೌದು.”

“ಈಕೆ ಹೇಳಿದ್ದನ್ನೇ ಬರೆದಿರಿ?”

“ಮಂಗಳವಾರ ಅವಳು ಹೇಳಿದ್ದು, ಹೆದರಿಕೊಂಡು. ಹತ್ತೂವರೆ ನಾನೇ ಸೇರಿಸಿದ್ದು. ಆಸ್ಪತ್ರೆಯ ಚೀಟಿ ನೋಡಲಿಲ್ಲ. ಬರೆದದ್ದನ್ನು ಅವಳಿಗೆ ಓದಿ ಹೇಳಲೂ ಇಲ್ಲ.”

“ತಾವು ಎಲ್ಲಿ ವಾಸ ಮಾಡ್ತೀರಿ ಅನ್ನೋದೇ ತಮಗೆ ಸರಿಯಾಗಿ ಗೊತ್ತಿಲ್ಲ. ಇನ್ನು ಬೇರೆಯವರ ಬೆರಳು ಯಾವ ವಾರ ಹೋಯಿತು ಅಂತ ತಮ್ಮ ಮಾತು ನಂಬಬೇಕಾ?”

ಯಾರೋ ನಕ್ಕರು. ಎರಡು ಊರಿನ ನಡುವೆ ಕಾಲು ಹಾಕಿ ನಿಂತ ನನ್ನ ಈ ಅಭ್ಯಾಸದಿಂದ ನಷ್ಟವೇನಿದ್ದರೂ ನನಗೊಬ್ಬಳಿಗೇ ಎಂದು ತಿಳಿದಿದ್ದೆ. ಈಗ ಅದು ಚಿತ್ತಮ್ಮನಿಗೂ ತಗಲುವಂತಿತ್ತು.

“ಸ್ವಾಮಿ, ಆ ಕಾಗದದ ತಪ್ಪು ನನ್ನದು” ಎಂದೆ ಜಡ್ಜಿಗೆ. “ಈಗ ಆಡಿದ ತಪ್ಪೂ ನನ್ನದೇ. ನಾನು ಎಲ್ಲಿಯವಳು ಅನ್ನುವುದು ನನಗೆ ನಿಜವಾಗಿ ಗೊತ್ತಿಲ್ಲ, ಬೇಕಾದರೆ ಹಾಗೆಯೇ ಬರೆದುಕೊಳ್ಳಿ. ಆದರೆ ಕೈ ಅವಳದು. ಅದರಲ್ಲಿ ಯಾವ ತಪ್ಪೂ ಇಲ್ಲ.”

ಜಡ್ಜು ಟೈಪಿಸ್ಟ್ ಹುಡುಗಿಯ ಕಡೆ ತಿರುಗಿ ಹೇಳಿದರು: “ಎರಡೂ ಊರು ಬರ್ಕೊಳ್ಳಮ್ಮ.”

ಆದೇಶ ಕಳೆದ ತಿಂಗಳು ಬಂತು. ಸೋಮವಾರ ಮಿಲ್ಲು ನಡೆದಿತ್ತು, ಚಿತ್ತಮ್ಮ ಅವರ ಕೆಲಸದಲ್ಲೇ ಇದ್ದಳು, ಮಾಲೀಕರು ಪರಿಹಾರ ಕಟ್ಟಬೇಕು. ಅವರು ಮೇಲಿನ ಕೋರ್ಟಿಗೆ ಹೋಗದೆ ಕಟ್ಟಿದರು. ಕ್ಯಾತಮ್ಮ ಸುದ್ದಿ ಕೇಳಿ ಸೊಸೆಗೆ ಹೇಳಿದ್ದು ಇಷ್ಟೇ: “ಮಗ್ಳಿಗೆ ಫೋನ್ ಹಚ್ಚು, ನಾನ್ ಮಾತಾಡ್ತೀನಿ.”

ಕೇಸು ಮುಗಿದ ಮೇಲೆ ಇಲ್ಲಿರಲು ನನಗೆ ಕಾರಣವಿರಲಿಲ್ಲ. ಹದಿನೈದು ದಿನ ಮಂಗಳೂರಿಗೆ ಬಂದಿದ್ದೆ. ನಿಮ್ಮಲ್ಲಿ ಕೆಲವರು ಚರ್ಚಿನ ಅಂಗಳದಲ್ಲಿ ಸಿಕ್ಕಿದಿರಿ. ಬಂಗುಡೆ ತಿಂದೆ, ಕೊಂಕಣಿಯಲ್ಲಿ ಬಾಯಿ ತುಂಬ ಹರಟಿದೆ. ಎಂಟನೆಯ ದಿನಕ್ಕೆ ಎದೆಯಲ್ಲಿ ಸೀಟಿ ಶುರುವಾಯಿತು. ಆದರೆ ಬಸ್ ಹತ್ತಿದ್ದು ಅದಕ್ಕೆ ಮಾತ್ರ ಅಲ್ಲ. ಗ್ಲೆನ್‌ನ ಮನೆಯ ಕೆಲಸದಾಕೆ ಅಂಗೈಯಲ್ಲಿ ಸುಟ್ಟ ಗಾಯ ಇಟ್ಟುಕೊಂಡೇ ಪಾತ್ರೆ ತಿಕ್ಕುತ್ತಿದ್ದಳು. ಹೇಗಾಯಿತು ಎಂದು ಕೇಳಿದೆ. “ಹಿಂದಿನ ಮನೆಯಲ್ಲಿ, ಬಿಸಿನೀರು, ನಂದೇ ತಪ್ಪು” ಎಂದಳು. ಯಾರು ಕಾಯಿಸಿದ್ದು, ಯಾರು ಹೊರಲು ಹೇಳಿದ್ದು ಎಂದು ಒಂದರ ಮೇಲೊಂದು ಕೇಳತೊಡಗಿದೆ, ಥೇಟ್ ಹಟ್ಟಿಯ ಧಾಟಿಯಲ್ಲಿ. ಅವಳು ಬೆದರಿ, “ನೀವು ಯಾವ ಊರಿನವರು ಬಾಯಮ್ಮ?” ಎಂದಳು.

ಹುಟ್ಟಿದ ಊರಿನಲ್ಲಿ ಹಾಗೆ ಕೇಳಿಸಿಕೊಂಡೆ. ಇಲ್ಲಿಗೆ ಬಂದು ಬಸ್ಸಿಳಿದರೆ ಆಟೋದವನು, “ಮಂಗ್ಳೂರಿಂದ ಬಂದ್ರಾ ಮಾರಾಯ್ರಮ್ಮ, ಎಷ್ಟು ದಿನ ಇರ್ತೀರಿ?” ಎನ್ನುತ್ತಾನೆ. ಎಷ್ಟು ದಿನ ಎಂದು ನಾನು ಇನ್ನೂ ಯಾರಿಗೂ ಹೇಳಿಲ್ಲ. ನಾಳೆ ಬೆಳಿಗ್ಗೆ ಚಿತ್ತಮ್ಮನ ಜೊತೆಗಾರ್ತಿಯೊಬ್ಬಳು ಬರುತ್ತಾಳಂತೆ, ನಾರಿನ ಧೂಳಿಗೆ ಎದೆ ಕಟ್ಟಿದೆಯಂತೆ. ಅವಳ ಆಸ್ಪತ್ರೆ ಚೀಟಿಗಳನ್ನು ಇವತ್ತೇ ತರಿಸಿಕೊಂಡು ಓದುತ್ತಾ ಕೂತಿದ್ದೇನೆ. ನನ್ನ ಎಕ್ಸ್‌ರೇಯ ಕೆಳಗೆ ಮಂಗಳೂರಿನ ಡಾಕ್ಟರು ಬರೆದ ‘ಡಸ್ಟ್’ ಎಂಬ ಪದವೇ ಇವಳದರ ಕೆಳಗೂ ಇದೆ.